ಅಟ್ಟದ ಮೇಲಿನ ಏಳು ಡಬ್ಬಿಗಳು: ಮನೆಯಲ್ಲಿ ಮೂಕಿ ಚಿತ್ರದ ಸುರುಳಿ ಸಿಕ್ಕರೆ ಏನು ಮಾಡಬೇಕು?

ಪ್ರಶ್ನೆ: ಚಾಮರಾಜಪೇಟೆಯಲ್ಲಿ ನಮ್ಮದೊಂದು ಹೆಂಚಿನ ಹಳೆಯ ಮನೆ ಇದೆ. ಯುಗಾದಿ ಕಳೆದ ಮೇಲೆ ಅದನ್ನು ಕೆಡವಿ ಹೊಸದು ಕಟ್ಟಬೇಕೆಂದಿದ್ದೇವೆ. ಅಟ್ಟ ಖಾಲಿ ಮಾಡುವಾಗ ಒಂದು ಟ್ರಂಕಿನಲ್ಲಿ ತುಕ್ಕು ಹಿಡಿದ ಏಳು ತಗಡಿನ ಡಬ್ಬಿಗಳು ಸಿಕ್ಕವು. ಒಳಗೆ ಫಿಲ್ಮ್ ಸುರುಳಿಗಳಿವೆ. ನಮ್ಮ ತಾತನ ಅಣ್ಣ 1920ರ ದಶಕದ ಕೊನೆಯಿಂದ ಕೆಲವು ವರ್ಷ ತುಮಕೂರು, ತಿಪಟೂರು, ಅರಸೀಕೆರೆ ಕಡೆಯ ಜಾತ್ರೆಗಳಲ್ಲಿ ಡೇರೆ ಹಾಕಿ ಸಿನಿಮಾ ತೋರಿಸುತ್ತಿದ್ದರಂತೆ. 86 ವರ್ಷದ ನಮ್ಮ ಸೋದರತ್ತೆ, ‘ಗುಬ್ಬಿ ಕಂಪನಿಯವರ ಹರಿಮಾಯ ನಮ್ಮ ಮನೇಲೇ ಇದೆ ಅಂತ ಅಪ್ಪ ಹೇಳ್ತಿದ್ರು’ ಎನ್ನುತ್ತಾರೆ. ಎರಡು ಡಬ್ಬಿಗಳನ್ನು ತೆರೆದು ನೋಡಿದೆವು. ಒಂದರಲ್ಲಿರುವ ಸುರುಳಿ ಚೆನ್ನಾಗಿಯೇ ಇದ್ದಂತಿದೆ, ಇನ್ನೊಂದು ಅಂಟಂಟಾಗಿ ಘಾಟು ಹೊಡೆಯುತ್ತಿದೆ. ಇದು ಸ್ಫೋಟಿಸುತ್ತದೆ, ಕೂಡಲೇ ಎಸೆಯಬೇಕು ಎಂದು ಮಗ ಹೇಳುತ್ತಾನೆ. ಪ್ರೊಜೆಕ್ಟರ್ ಬಾಡಿಗೆಗೆ ತಂದು ಹಬ್ಬದ ದಿನ ಮನೆಯವರಿಗೆಲ್ಲ ತೋರಿಸೋಣ ಎಂದು ಚಿಕ್ಕಪ್ಪನ ಆಸೆ. ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರು ಲಕ್ಷಗಟ್ಟಲೆ ಬೆಲೆ ಬರುತ್ತದೆ ಎಂದರು. ಇನ್ನೊಬ್ಬರು ಮೊಬೈಲಿನಲ್ಲಿ ಚಿತ್ರ ತೆಗೆದು ವಿಡಿಯೊ ಮಾಡಿಕೊಡುತ್ತೇನೆ, ಆಮೇಲೆ ಮೂಲ ಬೇಕಾಗುವುದಿಲ್ಲ ಎಂದರು. ನಾವು ಏನು ಮಾಡಬೇಕು? ಯಾರಿಗೆ ಕೊಡಬೇಕು? ಕೊಟ್ಟರೆ ಮತ್ತೆ ನಮ್ಮ ಕಣ್ಣಿಗೆ ಬೀಳುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಮನೆಗೆ ಬೆಂಕಿ ತಗುಲೀತು ಎನ್ನುವುದು ಒಂದಾದರೆ, ಅಮೂಲ್ಯವಾದುದನ್ನು ತಿಳಿಯದೆ ಕಳೆದುಕೊಂಡೇವು ಎನ್ನುವುದು ಇನ್ನೊಂದು. ಇವೆರಡರ ಹಿಂದೆ, ಹಿರಿಯರ ನೆನಪನ್ನು ಯಾವುದೋ ಉಗ್ರಾಣಕ್ಕೆ ಒಪ್ಪಿಸಿದರೆ ಅದು ಶಾಶ್ವತವಾಗಿ ಕೈತಪ್ಪೀತು ಎಂಬ ಅಳುಕೂ ಇದೆ. ಯಾವುದೂ ಆಧಾರವಿಲ್ಲದ್ದಲ್ಲ. ಆದರೆ ಇಂತಹ ಮನೆಗಳಲ್ಲಿ ಎಲ್ಲರೂ ಮೊದಲು ಕೇಳುವ ‘ಇದು ಯಾವ ಚಿತ್ರ?’ ಎಂಬ ಪ್ರಶ್ನೆಯನ್ನು ನಾನು ಯಾವಾಗಲೂ ಹಿಂದಕ್ಕೆ ಸರಿಸುತ್ತೇನೆ. ಹೆಸರು ಪತ್ತೆಯಾಗಲಿ ಎಂದು ತಿಂಗಳುಗಟ್ಟಲೆ ಕಾದ ಮನೆಗಳಲ್ಲಿ ಹೆಸರು ತಿಳಿಯುವಷ್ಟರಲ್ಲಿ ಸುರುಳಿಯೇ ಉಳಿಯದಿದ್ದುದನ್ನು ನಾನು ಕಂಡಿದ್ದೇನೆ. ಯಾವ ಸುರುಳಿ ಯಾವ ಸ್ಥಿತಿಯಲ್ಲಿದೆ ಎಂಬುದು ಮೊದಲು, ಅದರ ಹೆಸರು ಆಮೇಲೆ.

ಅದಕ್ಕೂ ಮುಂಚೆ ಈ ದಿನವೇ ಮಾಡಬೇಕಾದ ಕೆಲಸವೊಂದಿದೆ. ಡಬ್ಬಿಗಳು ಇನ್ನೂ ಅಟ್ಟದಲ್ಲಿದ್ದರೆ ಕೆಳಗಿಳಿಸಿ. ಮಾರ್ಚ್, ಏಪ್ರಿಲ್‌ನಲ್ಲಿ ಹೆಂಚಿನ ಕೆಳಗೆ ಸೇರಿಕೊಳ್ಳುವ ಕಾವು ಈ ವಸ್ತುವಿಗೆ ಎಲ್ಲಕ್ಕಿಂತ ದೊಡ್ಡ ಶತ್ರು. ಯಾರೂ ಮಲಗದ, ಬಿಸಿಲು ಬೀಳದ, ಗಾಳಿಯಾಡುವ ಜಾಗದಲ್ಲಿ, ಅಡುಗೆಮನೆ, ದೇವರ ದೀಪ, ಸೊಳ್ಳೆಬತ್ತಿ, ಯುಪಿಎಸ್ ಬ್ಯಾಟರಿ ಇವುಗಳಿಂದ ದೂರವಾಗಿ ಇಡಿ. ಹಿತ್ತಿಲಿನ ಕಡೆಗೆ ನೆರಳಿನ ಕೋಣೆಯೊಂದಿದ್ದರೆ ಅದೇ ಸರಿಯಾದ ಜಾಗ. ಅಂಟಂಟಾಗಿರುವ ಸುರುಳಿಯ ಡಬ್ಬಿಯನ್ನು ಉಳಿದ ಆರರಿಂದ ಬೇರ್ಪಡಿಸಿ. ಮುಟ್ಟುವಾಗ ಕೈಗವಸು ಹಾಕಿ, ಮೂಗಿಗೆ ಮಾಸ್ಕ್ ಕಟ್ಟಿ, ಕಿಟಕಿ ತೆರೆದಿಡಿ. ಜೋಪಾನ ಮಾಡುತ್ತೇವೆಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಗಾಳಿಯಾಡದಂತೆ ಬಿಗಿದಿಡುವುದು ಸಹಜವಾಗಿ ಬರುವ ಆಲೋಚನೆ. ಈ ವಿಷಯದಲ್ಲಿ ಅದೇ ದೊಡ್ಡ ತಪ್ಪು. ಕಾರಣವನ್ನು ಮುಂದೆ ಹೇಳುತ್ತೇನೆ.

ಮೂಕಿ ಚಿತ್ರಗಳ ಕಾಲದಲ್ಲಿ, ಅಷ್ಟೇಕೆ, 1950ರ ದಶಕದ ಆರಂಭದವರೆಗೂ, ಚಿತ್ರಮಂದಿರಗಳಲ್ಲಿ ಓಡುತ್ತಿದ್ದ 35 ಮಿ.ಮೀ. ಫಿಲ್ಮಿನ ತಳ ಸೆಲ್ಯುಲೋಸ್ ನೈಟ್ರೇಟ್. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿ ಮಾಡುವ ಈ ವಸ್ತು ಬಂದೂಕಿಗೆ ಬಳಸುತ್ತಿದ್ದ ಹೊಗೆರಹಿತ ಮದ್ದಿನ ಹತ್ತಿರದ ಸಂಬಂಧಿ. ಅದರ ಮೇಲೆ ಜೆಲಟಿನ್ ಪದರ, ಆ ಪದರದೊಳಗೆ ಚಿತ್ರವನ್ನು ಹಿಡಿದಿಟ್ಟ ಬೆಳ್ಳಿಯ ಕಣಗಳು. ಚಿತ್ರ ಕಣ್ಣು ಕೋರೈಸುವಷ್ಟು ಸುಂದರವಾಗಿ ಮೂಡುತ್ತದೆ, ಆದರೆ ತಳ ಮಾತ್ರ ಹುಟ್ಟಿದ ದಿನದಿಂದಲೇ ನಿಧಾನವಾಗಿ ಕೊಳೆಯಲು ಆರಂಭಿಸುತ್ತದೆ. ಕೊಳೆಯುವಾಗ ಹೊರಬರುವ ಆಮ್ಲದ ಆವಿ ಮತ್ತಷ್ಟು ಕೊಳೆತವನ್ನು ತರುತ್ತದೆ. ಹಾಲಿಗೆ ಹೆಪ್ಪು ಬಿದ್ದಂತೆ, ಒಮ್ಮೆ ಶುರುವಾದರೆ ತಾನೇ ತಾನಾಗಿ ವೇಗ ಪಡೆಯುತ್ತದೆ. ಡಬ್ಬಿಯನ್ನು ಬಿಗಿಯಾಗಿ ಮುಚ್ಚಿದರೆ ಆ ಆವಿ ಒಳಗೇ ಸುತ್ತಾಡಿ ಚೆನ್ನಾಗಿರುವ ಭಾಗವನ್ನೂ ತಿನ್ನುತ್ತದೆ, ಪಕ್ಕದ ಡಬ್ಬಿಯ ಸುರುಳಿಗೂ ಹರಡುತ್ತದೆ. ಬೇರ್ಪಡಿಸಿ, ಗಾಳಿಯಾಡಲು ಬಿಡಿ ಎಂದದ್ದು ಇದಕ್ಕೇ.

ಕೊಳೆಯುವಿಕೆಗೆ ಹಂತಗಳಿವೆ. ಮೊದಲು ಚಿತ್ರ ಮಸುಕಾಗಿ ತಳ ಹಳದಿಗೆ ತಿರುಗುತ್ತದೆ. ಆಮೇಲೆ ಮೇಲ್ಪದರ ಅಂಟಾಗಿ ಸುತ್ತುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಬಳಿಕ ಗುಳ್ಳೆ, ನೊರೆ. ಅದಾದ ಮೇಲೆ ಸುರುಳಿ ಇಡಿಯಾಗಿ ಹೆಪ್ಪುಗಟ್ಟುತ್ತದೆ, ಕಡೆಗೆ ಕಂದು ಪುಡಿಯಾಗುತ್ತದೆ. ನಿಮ್ಮ ಅಂಟು ಸುರುಳಿ ಎರಡನೆಯ ಹಂತದಲ್ಲಿರುವಂತೆ ತೋರುತ್ತದೆ. ಅಂದರೆ ಅದರಿಂದ ಕೆಲವು ಅಡಿಗಳನ್ನಾದರೂ ಉಳಿಸಿಕೊಳ್ಳಬಹುದು, ಹೆಚ್ಚು ದಿನ ಕಾಯುವಂತಿಲ್ಲ. ಚೆನ್ನಾಗಿದೆ ಎಂದು ನೀವು ಬರೆದಿರುವ ಸುರುಳಿಯ ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಸುತ್ತುಗಳ ನಡುವೆ ಕಂದು ಬಣ್ಣದ ಪಟ್ಟೆ ಅಥವಾ ಬಿಳಿಯ ಹುಡಿ ಕಾಣದಿದ್ದರೆ ನೀವು ಅದೃಷ್ಟವಂತರು.

ನಿಮ್ಮ ಮಗನ ಮಾತಿನಲ್ಲಿ ಅರ್ಧ ಸತ್ಯವಿದೆ. ಡಬ್ಬಿಯಲ್ಲಿ ತಂಪಾಗಿ ಕುಳಿತ ಸುರುಳಿ ಸುಮ್ಮಸುಮ್ಮನೆ ಬಾಂಬಿನಂತೆ ಸಿಡಿಯುವುದಿಲ್ಲ. ಆದರೆ ಬಹಳ ಕೊಳೆತ ನೈಟ್ರೇಟ್, ಸುಮಾರು 40 ಡಿಗ್ರಿ ಸೆಲ್ಸಿಯಸ್‌ನ ಕಾವು ಬಹುಕಾಲ ತಗುಲಿದರೆ, ಕಿಡಿಯಿಲ್ಲದೆಯೇ ಹೊತ್ತಿಕೊಳ್ಳಬಲ್ಲದು. ಹೊತ್ತಿದ ಮೇಲೆ ಉರಿಯಲು ಬೇಕಾದ ಆಮ್ಲಜನಕವನ್ನು ಅದು ತನ್ನೊಳಗಿಂದಲೇ ಪಡೆಯುವುದರಿಂದ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತಲೇ ಇರುತ್ತದೆ, ಮತ್ತು ಅದರ ಹೊಗೆ ವಿಷ. 2003ರಲ್ಲಿ ಪುಣೆಯಲ್ಲಿ ಹಳೆಯ ನೈಟ್ರೇಟ್ ಚಿತ್ರಗಳನ್ನಿಟ್ಟಿದ್ದ ಉಗ್ರಾಣಕ್ಕೆ ಬೆಂಕಿ ಬಿದ್ದು ಸಾವಿರಾರು ಸುರುಳಿಗಳು ಸುಟ್ಟುಹೋದವು. ಹೀಗಾಗಿ ಎಸೆಯುವುದೂ ಪರಿಹಾರವಲ್ಲ. ಕಸದ ಲಾರಿಗೆ ಹಾಕಿದರೆ ಅಪಾಯವನ್ನು ಪೌರಕಾರ್ಮಿಕರ ಕೈಗೆ ದಾಟಿಸಿದಂತಾಗುತ್ತದೆ. ನೈಟ್ರೇಟ್ ಹೌದೋ ಅಲ್ಲವೋ ಎಂದು ತುಂಡು ಕತ್ತರಿಸಿ ಬೆಂಕಿ ಹಚ್ಚಿ ನೋಡುವ ಒಂದು ‘ಪರೀಕ್ಷೆ’ ಬಾಯಿಂದ ಬಾಯಿಗೆ ಹರಿದಾಡುತ್ತಿದೆ. ದಯವಿಟ್ಟು ಅದನ್ನು ಮನೆಯಲ್ಲಿ ಮಾಡಬೇಡಿ.

ಘಾಟಿನ ವಿಷಯದಲ್ಲೂ ಗೊಂದಲವಿದೆ. ವಿನೆಗರ್‌ನಂತಹ ಹುಳಿ ವಾಸನೆ ಬಂದರೆ ಅದು ನೈಟ್ರೇಟ್ ಅಲ್ಲ, ಅದರ ನಂತರ ಬಂದ ಅಸಿಟೇಟ್ ಫಿಲ್ಮು. ಅದೂ ಹಾಳಾಗುತ್ತದೆ, ಆದರೆ ಹೀಗೆ ಹೊತ್ತಿ ಉರಿಯುವುದಿಲ್ಲ. ನೈಟ್ರೇಟಿನ ಘಾಟು ಮೂಗನ್ನು ಚುಚ್ಚುವ ಆಮ್ಲದ್ದು. ವಾಸನೆಗಿಂತ ಅಳತೆ ಹೆಚ್ಚು ನಂಬಿಕೆಗೆ ಅರ್ಹ: ಮಕ್ಕಳ ಸ್ಕೇಲನ್ನು ಫಿಲ್ಮಿನ ಅಡ್ಡಕ್ಕಿಟ್ಟು ನೋಡಿ. 35 ಮಿ.ಮೀ. ಇದ್ದು, ಅಂಚಿನಲ್ಲಿ ‘ಸೇಫ್ಟಿ’ ಎಂಬ ಇಂಗ್ಲಿಷ್ ಅಕ್ಷರಗಳಿಲ್ಲದಿದ್ದರೆ ನೈಟ್ರೇಟ್ ಎಂದೇ ತಿಳಿದು ನಡೆದುಕೊಳ್ಳಿ. 16 ಮಿ.ಮೀ. ಅಥವಾ 9.5 ಮಿ.ಮೀ. ಇದ್ದರೆ ನೆಮ್ಮದಿ, ಏಕೆಂದರೆ ಆ ಅಳತೆಗಳು ಮನೆಬಳಕೆಗೆಂದೇ ಸುರಕ್ಷಿತ ತಳದ ಮೇಲೆ ಬಂದವು. ಅಂಚಿನ ಬರಹವನ್ನು ಓದುವಾಗ ಒಂದು ಎಚ್ಚರ ಬೇಕು. ಪ್ರಿಂಟಿನಲ್ಲಿ, ಅಂದರೆ ಪರದೆಯ ಮೇಲೆ ತೋರಿಸಲು ಮಾಡಿದ ಪ್ರತಿಯಲ್ಲಿ, ತಿಳಿಯಾದ ಅಂಚಿನ ಮೇಲೆ ಕಪ್ಪು ಅಕ್ಷರಗಳಿದ್ದರೆ ಅವು ಆ ಪ್ರಿಂಟಿನವೇ. ಕಪ್ಪು ಅಂಚಿನಲ್ಲಿ ಬಿಳಿ ಅಕ್ಷರಗಳಿದ್ದರೆ ಅವು ಕ್ಯಾಮೆರಾದಲ್ಲಿ ಓಡಿದ ಮೂಲ ನೆಗೆಟಿವ್‌ನಿಂದ ಅಚ್ಚಾಗಿ ಬಂದವು, ನಿಮ್ಮ ಕೈಯಲ್ಲಿರುವ ಫಿಲ್ಮಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೊಡಾಕ್ ಕಂಪನಿ 1916ರಿಂದ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನಗಳ ಸಂಕೇತಗಳಿಂದ ಫಿಲ್ಮ್ ತಯಾರಾದ ವರ್ಷವನ್ನು ಗುರುತಿಸುತ್ತಿತ್ತು. ಆ ಸಂಕೇತಗಳು 20 ವರ್ಷಕ್ಕೊಮ್ಮೆ ಮರುಕಳಿಸುತ್ತವೆ. ಅವು ಕಂಡರೆ ಹಾಗೆಯೇ ಬರೆದಿಟ್ಟುಕೊಳ್ಳಿ.

ಈಗ ಹರಿಮಾಯದ ಮಾತು. ನಿಮ್ಮ ಸೋದರತ್ತೆಯ ನೆನಪನ್ನು ನಾನು ತಳ್ಳಿಹಾಕುವುದಿಲ್ಲ. 1930ರ ದಶಕದ ಆರಂಭದಲ್ಲಿ ಗುಬ್ಬಿ ವೀರಣ್ಣನವರು ಬೆಂಗಳೂರಿನಲ್ಲಿ ಚಿತ್ರ ತಯಾರಿಕೆಗೆ ಇಳಿದು ‘ಹರಿಮಾಯ’, ‘ಹಿಸ್ ಲವ್ ಅಫೇರ್’ ಮುಂತಾದ ಮೂಕಿಗಳನ್ನು ಮಾಡಿದ್ದು ನಿಜ. ಅದೇ ಸುಮಾರಿಗೆ ಹರಿಭಾಯಿ ದೇಸಾಯಿಯವರ ಸೂರ್ಯ ಫಿಲ್ಮ್ ಕಂಪನಿಯೂ ಈ ಊರಿನಲ್ಲಿ ಮೂಕಿ ಚಿತ್ರಗಳನ್ನು ತಯಾರಿಸುತ್ತಿತ್ತು. ಮೋಹನ್ ಭವನಾನಿಯವರು ‘ಮೃಚ್ಛಕಟಿಕ’ವನ್ನು ಮೂಕಿಯಾಗಿ ತೆರೆಗೆ ತಂದಾಗ ಕಮಲಾದೇವಿ ಚಟ್ಟೋಪಾಧ್ಯಾಯರು ಅದರಲ್ಲಿ ನಟಿಸಿದ್ದರು. ಇನ್ನೂ ಹಿಂದಕ್ಕೆ ಹೋದರೆ, ದಕ್ಷಿಣ ಭಾರತದ ಮೊದಲ ಕಥಾಚಿತ್ರವೆನಿಸಿದ ‘ಕೀಚಕ ವಧಂ’ ಅನ್ನು ಮದ್ರಾಸಿನಲ್ಲಿ ಚಿತ್ರಿಸಿದ ಆರ್. ನಟರಾಜ ಮುದಲಿಯಾರರು ನೆಗೆಟಿವ್ ತೊಳೆಯುವ ಪ್ರಯೋಗಾಲಯವನ್ನು ಮಾತ್ರ ಬೆಂಗಳೂರಿನಲ್ಲಿ ಇಟ್ಟುಕೊಂಡಿದ್ದರು. ಮದ್ರಾಸಿನ ಸೆಖೆ ಫಿಲ್ಮಿಗೆ ಒಗ್ಗದು, ಇಲ್ಲಿನ ತಂಪು ಒಗ್ಗೀತು ಎಂಬ ಲೆಕ್ಕಾಚಾರದಿಂದ ವಾರವೆಲ್ಲ ಅಲ್ಲಿ ಚಿತ್ರೀಕರಿಸಿ ವಾರಾಂತ್ಯಕ್ಕೆ ಸುರುಳಿಗಳೊಂದಿಗೆ ಇಲ್ಲಿಗೆ ಬರುತ್ತಿದ್ದರು. ಈ ಸಂಗತಿ ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಫಿಲ್ಮ್ ಕಾಪಾಡಲು ತಕ್ಕ ಊರೆಂದು ನೂರು ವರ್ಷಗಳ ಹಿಂದೆಯೇ ಹೆಸರು ಪಡೆದ ಈ ಊರಿನ ಮೂಕಿಗಳಲ್ಲಿ ಒಂದನ್ನೂ ಇಂದು ನಾವು ಪರದೆಯ ಮೇಲೆ ಹಾಕಿ ನೋಡುವಂತಿಲ್ಲ. ಮೂಕಿಯ ಮಾತು ಹಾಗಿರಲಿ, 1934ರಲ್ಲಿ ಇಲ್ಲಿನ ಮಾರುಕಟ್ಟೆ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಬಿಡುಗಡೆಯಾದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ವೂ ನಮ್ಮ ಪಾಲಿಗಿಲ್ಲ.

ಆದರೂ ಏಳು ಡಬ್ಬಿಗಳನ್ನು ಕಂಡ ಕೂಡಲೇ ಹರಿಮಾಯವೆಂದು ತೀರ್ಮಾನಿಸಬೇಡಿ. ಈ ದೇಶದ ಸಿನಿಮಾ ವ್ಯವಹಾರವನ್ನು ಪರಿಶೀಲಿಸಲು ಅಂದಿನ ಬ್ರಿಟಿಷ್ ಸರ್ಕಾರ 1927–28ರಲ್ಲಿ ನೇಮಿಸಿದ್ದ ರಂಗಾಚಾರಿಯರ್ ಸಮಿತಿಯ ಮುಂದೆ ಬಂದ ಸಾಕ್ಷ್ಯಗಳನ್ನು ನೋಡಿದರೆ ಈ ದೇಶದ ಪರದೆಗಳ ಮೇಲೆ ಓಡುತ್ತಿದ್ದವುಗಳಲ್ಲಿ ಬಹುಪಾಲು ಅಮೆರಿಕದ ಚಿತ್ರಗಳು. ಜಾತ್ರೆಯ ಡೇರೆಗೆ ಬರುತ್ತಿದ್ದವು ಹಲವು ಕೈ ದಾಟಿದ ಅಗ್ಗದ ಪ್ರಿಂಟುಗಳು: ಹೊಡೆದಾಟದ ಸರಣಿಗಳ ಬಿಡಿ ಕಂತುಗಳು, ಹಾಸ್ಯದ ತುಣುಕುಗಳು, ವಾರ್ತಾಚಿತ್ರಗಳು, ನಡುನಡುವೆ ಮುಂಬಯಿಯ ಪೌರಾಣಿಕಗಳು. ಗುಬ್ಬಿ ಕಂಪನಿಯ ನಾಟಕ ಊರೂರಿನಲ್ಲಿ ಮನೆಮಾತಾಗಿದ್ದ ಕಾಲದಲ್ಲಿ, ಕೃಷ್ಣನೋ ನಾರದನೋ ಕಂಡ ಚಿತ್ರಕ್ಕೆಲ್ಲ ಜನ ಆ ಹೆಸರನ್ನೇ ಹಚ್ಚಿರಬಹುದು.

ಹೆಸರು ಗೊತ್ತಾಗುವುದು ಹೇಗೆ? ಮೊದಲ ಕೆಲವು ಅಡಿಗಳು ಪ್ರೊಜೆಕ್ಟರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆಯುವುದರಿಂದ ಹೆಸರಿನ ಫಲಕ ಸಾಮಾನ್ಯವಾಗಿ ಇರುವುದೇ ಇಲ್ಲ. ಚಿತ್ರದೊಳಗಿನ ಸಾಕ್ಷ್ಯವನ್ನೇ ಓದಬೇಕು. ಕೆಲವು ವರ್ಷಗಳ ಹಿಂದೆ ಇಂಥದ್ದೇ ಹೆಸರಿಲ್ಲದ ಒಂದು ತುಣುಕನ್ನು ಬೆಳಕಿನ ಮೇಜಿನ ಮೇಲೆ ಹಾಸಿ ಭೂತಗನ್ನಡಿ ಹಿಡಿದು ಒಂದೊಂದೇ ಚೌಕಟ್ಟನ್ನು ನೋಡುತ್ತಿದ್ದೆ. ಅರಮನೆಯ ಒಳಾಂಗಣ, ಸಿಂಹಾಸನದ ಮೇಲೆ ರಾಣಿ, ಹಿಂದೆ ಬಣ್ಣ ಬಳಿದ ಕಂಬಗಳ ಪರದೆ. ಹತ್ತಾರು ಚೌಕಟ್ಟು ದಾಟುವಷ್ಟರಲ್ಲಿ ಆ ಕಂಬಗಳು ಮೆಲ್ಲಗೆ ಉಬ್ಬಿ ತಗ್ಗಿದವು. ಪರದೆಗೆ ಗಾಳಿ ಬಡಿಯುತ್ತಿತ್ತು. ರಾಣಿಯ ಸೆರಗಿನ ಅಂಚೂ ಅದೇ ದಿಕ್ಕಿಗೆ ಹಾರಿತು. ಆಗಿನ ಸ್ಟುಡಿಯೊಗಳಿಗೆ ಸೂರು ಇರುತ್ತಿರಲಿಲ್ಲ. ಬಯಲಿನಲ್ಲಿ ಕಟ್ಟೆ ಕಟ್ಟಿ, ಬಿಸಿಲು ನೇರವಾಗಿ ಮುಖಕ್ಕೆ ಹೊಡೆಯದಂತೆ ಮೇಲೆ ತೆಳು ಬಿಳಿ ಬಟ್ಟೆ ಎಳೆದು, ಅದರ ಕೆಳಗೆ ಅರಮನೆ, ಅಡುಗೆಮನೆ, ಸೆರೆಮನೆಗಳನ್ನು ನಿಲ್ಲಿಸುತ್ತಿದ್ದರು. ರಾತ್ರಿಯ ದೃಶ್ಯವನ್ನೂ ಹಗಲಿನಲ್ಲೇ ತೆಗೆದು, ಪ್ರಿಂಟನ್ನು ನೀಲಿ ಬಣ್ಣದಲ್ಲಿ ಅದ್ದಿ ರಾತ್ರಿ ಮಾಡುತ್ತಿದ್ದರು. ಆ ತುಣುಕಿನ ಮೂಲೆಯೊಂದರಲ್ಲಿ ಪರದೆ ಪಕ್ಕಕ್ಕೆ ಸರಿದಾಗ ಒಂದು ತೆಂಗಿನ ಮರದ ಬುಡ ಇಣುಕಿತ್ತು. ಅದು ವಿದೇಶಿ ಚಿತ್ರವಲ್ಲ ಎಂಬುದಕ್ಕೆ ಅಷ್ಟು ಸಾಕಾಯಿತು. ಅದರ ಹೆಸರು ನನಗೆ ಇಂದಿಗೂ ತಿಳಿದಿಲ್ಲ, ಆದರೆ ಆ ಗಾಳಿಯನ್ನು ನಾನು ಮರೆತಿಲ್ಲ.

ನಿಮ್ಮ ಸುರುಳಿಗಳನ್ನು ನೋಡುವವರೂ ಇಂಥವನ್ನೇ ಹುಡುಕುತ್ತಾರೆ. ಎರಡು ಬದಿಯ ತೂತುಗಳ ನಡುವಿನ ಜಾಗವನ್ನೆಲ್ಲ ಚಿತ್ರವೇ ತುಂಬಿಕೊಂಡಿದ್ದರೆ ಅದು ಬಹುತೇಕ ಮೂಕಿ. ಒಂದು ಬದಿಗೆ ಅಲೆಯಂತೆಯೋ ಗೆರೆಗಳಂತೆಯೋ ಕಿರಿದಾದ ಪಟ್ಟಿ ಹರಿದಿದ್ದರೆ ಅದು ಧ್ವನಿಯ ಪಟ್ಟಿ, ಚಿತ್ರ ವಾಕ್ಚಿತ್ರ. ಮಾತಿನ ಫಲಕಗಳ ಲಿಪಿ ಇನ್ನೊಂದು ಸುಳಿವು. ಬೇರೆಬೇರೆ ಪ್ರಾಂತಗಳಲ್ಲಿ ಓಡಬೇಕಿದ್ದ ಪ್ರಿಂಟುಗಳಲ್ಲಿ ಒಂದೇ ಫಲಕದಲ್ಲಿ ಎರಡು ಮೂರು ಲಿಪಿಗಳಿರುತ್ತಿದ್ದವು. ಓದಲು ಬಾರದವರಿಗಾಗಿ ಪರದೆಯ ಪಕ್ಕ ಒಬ್ಬರು ನಿಂತು ಅದನ್ನು ಗಟ್ಟಿಯಾಗಿ ಹೇಳುತ್ತಿದ್ದರು, ಹಾರ್ಮೋನಿಯಂ ತಬಲ ಜೊತೆಗಿರುತ್ತಿತ್ತು. ನಿಮ್ಮ ದೊಡ್ಡ ತಾತನೇ ಆ ಕೆಲಸ ಮಾಡಿದ್ದರೂ ಆಶ್ಚರ್ಯವಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅಮೆರಿಕದ ಯಾವುದೋ ಸರಣಿ ಎಂದಾದರೂ ನಿರಾಶರಾಗಬೇಡಿ. ಕಳೆದುಹೋದ ಮೂಕಿಗಳು ಸಿಗುವುದು ಸಾಮಾನ್ಯವಾಗಿ ಅವು ಹುಟ್ಟಿದ ಊರಿನಲ್ಲಲ್ಲ, ಅವುಗಳ ಪ್ರಯಾಣ ಮುಗಿದ ಊರಿನಲ್ಲಿ. ಒಂದು ಪ್ರಿಂಟು ದೊಡ್ಡ ಪಟ್ಟಣದಿಂದ ಸಣ್ಣ ಪಟ್ಟಣಕ್ಕೆ, ಅಲ್ಲಿಂದ ಡೇರೆಗೆ ಇಳಿಯುತ್ತಾ ಹೋಗಿ ಕಡೆಯ ಊರನ್ನು ತಲುಪುವಷ್ಟರಲ್ಲಿ ಅದನ್ನು ಹಿಂದಕ್ಕೆ ಕಳಿಸುವ ಸಾಗಣೆ ವೆಚ್ಚವೇ ಪ್ರಿಂಟಿನ ಬೆಲೆಗಿಂತ ಹೆಚ್ಚಾಗುತ್ತಿತ್ತು. ಕೆನಡಾದ ಉತ್ತರ ಭಾಗದ ಡಾಸನ್ ಸಿಟಿಯಲ್ಲಿ 1978ರಲ್ಲಿ ಹಳೆಯ ಈಜುಕೊಳವೊಂದರ ಮಣ್ಣಿನಡಿಯಿಂದ 500ಕ್ಕೂ ಹೆಚ್ಚು ನೈಟ್ರೇಟ್ ಸುರುಳಿಗಳು ಹೊರಬಂದವು, ಕೊರೆಯುವ ಚಳಿಯೇ ಅವನ್ನು ಕಾಪಾಡಿತ್ತು. ಅಮೆರಿಕದ ಹೆಸರಾಂತ ನಿರ್ದೇಶಕ ಜಾನ್ ಫೋರ್ಡ್ 1927ರಲ್ಲಿ ನಿರ್ದೇಶಿಸಿದ, ಇಲ್ಲವಾಯಿತೆಂದೇ ನಂಬಿದ್ದ ‘ಅಪ್‌ಸ್ಟ್ರೀಮ್’ ಸಿಕ್ಕಿದ್ದು ನ್ಯೂಜಿಲೆಂಡಿನಲ್ಲಿ. 1919ರಲ್ಲಿ ಕಲ್ಕತ್ತೆಯಲ್ಲಿ ತಯಾರಾದ ‘ಬಿಲ್ವಮಂಗಲ’ದ ಸುಮಾರು 600 ಮೀಟರು ಭಾಗ ಪ್ಯಾರಿಸ್ಸಿನ ಸಂಗ್ರಹಾಲಯದಲ್ಲಿತ್ತು, 2016ರಲ್ಲಿ ಅದರ ಡಿಜಿಟಲ್ ಪ್ರತಿ ನಮ್ಮ ದೇಶಕ್ಕೆ ಬಂತು. ಅಮೆರಿಕದ ಮೂಕಿ ಕಥಾಚಿತ್ರಗಳ ಬಗ್ಗೆ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೂಲ ರೂಪದಲ್ಲಿ ಪೂರ್ಣವಾಗಿ ಉಳಿದವು ಶೇ. 14 ಮಾತ್ರ. ನಮ್ಮ ದೇಶದಲ್ಲಿ ತಯಾರಾದ ಸುಮಾರು 1,300 ಮೂಕಿಗಳಲ್ಲಿ ಪೂರ್ಣವಾಗಿಯೋ ತುಣುಕಾಗಿಯೋ ಉಳಿದವು ಮೂವತ್ತರ ಆಸುಪಾಸಿನಲ್ಲಿವೆ. 1931ರಲ್ಲಿ ಮಾತು ಬಂದ ಮೇಲೆ ಮೂಕಿಯನ್ನು ಕೇಳುವವರಿಲ್ಲದೆ, ಬೆಳ್ಳಿಗಾಗಿ ಕರಗಿಸಿದರು, ತಳವನ್ನು ಬಳೆ ಮಾಡುವವರಿಗೆ ಮಾರಿದರು. ಅರಸೀಕೆರೆಯ ಜಾತ್ರೆಯೂ ಹಾಗೆ ಒಂದು ಪ್ರಿಂಟಿನ ಕಡೆಯ ನಿಲ್ದಾಣವಾಗಿರಬಹುದು.

ಕೇರಳದ ಉದಾಹರಣೆ ನಿಮ್ಮ ಮನೆಗೆ ಇನ್ನೂ ಹತ್ತಿರದ್ದು. 1933ರಲ್ಲಿ ತಯಾರಾದ ‘ಮಾರ್ತಾಂಡ ವರ್ಮ’ ಎಂಬ ಮೂಕಿ, ಮೂಲ ಕಾದಂಬರಿಯ ಹಕ್ಕಿನ ಕುರಿತು ಪ್ರಕಾಶಕರು ಹೂಡಿದ ಮೊಕದ್ದಮೆಯಿಂದಾಗಿ ಪ್ರದರ್ಶನವನ್ನೇ ನಿಲ್ಲಿಸಬೇಕಾಯಿತು. ಪ್ರಿಂಟು ಆ ಪ್ರಕಾಶಕರ ಪುಸ್ತಕದಂಗಡಿಯಲ್ಲೇ ಉಳಿಯಿತು. 1974ರಲ್ಲಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಅದನ್ನು ಪಡೆದುಕೊಂಡಾಗ, ದಕ್ಷಿಣ ಭಾರತದ ಮೂಕಿಯೊಂದನ್ನು ಪೂರ್ತಿಯಾಗಿ ನೋಡುವ ಅವಕಾಶ ನಮಗೆಲ್ಲ ಸಿಕ್ಕಿತು. ಊರೂರು ಸುತ್ತಿದ ಚಿತ್ರಗಳು ಸವೆದು ಹೋದವು, ಓಡದೆ ಕುಳಿತದ್ದು ಉಳಿಯಿತು.

ಇದೇ ಕಾರಣಕ್ಕೆ ನಿಮ್ಮ ಚಿಕ್ಕಪ್ಪನವರಿಗೆ ನಾನು ಕೈಮುಗಿದು ಬೇಡ ಎನ್ನುತ್ತೇನೆ. ನೂರು ವರ್ಷದ ಫಿಲ್ಮು ಕುಗ್ಗಿರುತ್ತದೆ. ನೂರಕ್ಕೆ ಒಂದು ಪಾಲು ಕುಗ್ಗಿದರೂ ಸಾಕು, ಪ್ರೊಜೆಕ್ಟರಿನ ಹಲ್ಲಿಗೂ ಫಿಲ್ಮಿನ ತೂತಿಗೂ ಹೊಂದಾಣಿಕೆ ತಪ್ಪಿ ಉದ್ದಕ್ಕೂ ಸೀಳುತ್ತದೆ. ಫಿಲ್ಮು ಸಿಕ್ಕಿಕೊಂಡು ಕ್ಷಣಕಾಲ ನಿಂತರೂ ದೀಪದ ಕಾವಿಗೆ ನೈಟ್ರೇಟ್ ಹೊತ್ತಿಕೊಳ್ಳುತ್ತದೆ, ಅದೂ ಮನೆಮಂದಿಯೆಲ್ಲ ಕುಳಿತಿರುವ ಕೋಣೆಯಲ್ಲಿ. ಓಡಿದರೂ ಅವರು ನೋಡುವುದು ನಿಜವಾದ ಚಿತ್ರವಲ್ಲ. ಮೂಕಿಯ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಒಂದು ಸುತ್ತಿಗೆ 8 ಚೌಕಟ್ಟು, ಸೆಕೆಂಡಿಗೆ ಎರಡು ಸುತ್ತು, ಅಂದರೆ 16 ಚೌಕಟ್ಟು. ಅದೇ ಲೆಕ್ಕದಲ್ಲಿ 1,000 ಅಡಿಯ ಸುರುಳಿ ಹದಿನಾರೂವರೆ ನಿಮಿಷಕ್ಕೂ ತುಸು ಹೆಚ್ಚು ಓಡಬೇಕು. ವಾಕ್ಚಿತ್ರದ ಯಂತ್ರದಲ್ಲಿ ಸೆಕೆಂಡಿಗೆ 24ರಂತೆ ಹಾಕಿದರೆ ಹನ್ನೊಂದು ನಿಮಿಷಕ್ಕೆ ಮುಗಿದುಬಿಡುತ್ತದೆ. ಹಳೆಯ ಚಿತ್ರಗಳಲ್ಲಿ ಜನ ಕೀಲುಗೊಂಬೆಗಳಂತೆ ಓಡಾಡುತ್ತಾರೆ ಎಂಬ ಮಾತು ಹುಟ್ಟಿದ್ದು ಹೀಗೆ. ಅದು ಆ ನಟರ ದೋಷವಲ್ಲ, ತಪ್ಪು ವೇಗದಲ್ಲಿ ತೋರಿಸಿದ ನಮ್ಮದು.

ಮೊಬೈಲಿನಲ್ಲಿ ಚಿತ್ರ ತೆಗೆದು ಮೂಲವನ್ನು ಬಿಟ್ಟುಬಿಡಿ ಎಂದವರ ಸಲಹೆ ಇದಕ್ಕಿಂತಲೂ ಕೆಟ್ಟದ್ದು. ಜರ್ಮನಿಯ ‘ಮೆಟ್ರೊಪೊಲಿಸ್’ ಚಿತ್ರದ ಕಾಣೆಯಾಗಿದ್ದ ಸುಮಾರು 25 ನಿಮಿಷದ ಭಾಗ 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಸಿಕ್ಕಾಗ ಲೋಕವೆಲ್ಲ ಸಂಭ್ರಮಿಸಿತು. ಆದರೆ ಸಿಕ್ಕಿದ್ದು ಮೂಲ 35 ಮಿ.ಮೀ. ಪ್ರಿಂಟಲ್ಲ, ಅದರಿಂದ ಇಳಿಸಿಕೊಂಡ 16 ಮಿ.ಮೀ. ಪ್ರತಿ. ಪ್ರತಿ ಮಾಡುವ ದಿನ ಮೂಲದ ಮೇಲಿದ್ದ ಗೀರು, ಎಣ್ಣೆಯ ಕಲೆಗಳೆಲ್ಲ ಪ್ರತಿಯಲ್ಲಿ ಅಚ್ಚಾಗಿ ಕುಳಿತುಬಿಟ್ಟವು, ಚಿತ್ರದ ಒಂದು ಅಂಚೂ ಕತ್ತರಿಸಿಹೋಗಿತ್ತು. ಮೂಲ ಇಲ್ಲದ್ದರಿಂದ ಇಂದಿನ ಯಾವ ತಂತ್ರಜ್ಞಾನಕ್ಕೂ ಅದನ್ನು ಪೂರ್ತಿ ತೊಡೆಯಲು ಆಗಲಿಲ್ಲ. ಇಂದು ಸಾಧ್ಯವಾದ ಅತ್ಯುತ್ತಮ ಪ್ರತಿಗಿಂತ ಉತ್ತಮವಾದುದು ನಾಳೆ ಸಾಧ್ಯವಾಗಬಹುದು, ಮೂಲ ಇದ್ದರೆ ಮಾತ್ರ. ಹಾಗೆಂದು ಮೊಬೈಲನ್ನು ಬಳಸಲೇಬೇಡಿ ಎಂದಲ್ಲ. ಸುರುಳಿಯನ್ನು ಬಿಚ್ಚದೆ, ಹೊರಸುತ್ತಿನಲ್ಲಿ ಕಾಣುವ ಕೆಲವು ಚೌಕಟ್ಟುಗಳನ್ನು ಬಿಳಿ ಕಾಗದದ ಎದುರು ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಿ. ತಜ್ಞರಿಗೆ ಬರೆಯುವಾಗ ಅವೇ ನಿಮ್ಮ ಪರಿಚಯಪತ್ರ.

ಇನ್ನು ನಿಮ್ಮ ಮುಂದಿರುವ ದಾರಿಗಳು. ನನ್ನ ಮೊದಲ ಸಲಹೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ. 1964ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯನ್ನು ಪಿ.ಕೆ. ನಾಯರ್ ಅವರು ಇಂತಹ ಅಟ್ಟ, ಉಗ್ರಾಣಗಳನ್ನು ಒಂದೊಂದಾಗಿ ಹುಡುಕಿಕೊಂಡು ಹೋಗಿಯೇ ಕಟ್ಟಿದರು. ಈಗ ಅದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಅಡಿಯಲ್ಲಿದೆ. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಎಂಬ ಖಾಸಗಿ ಪ್ರತಿಷ್ಠಾನವೂ ಇದೇ ಕೆಲಸದಲ್ಲಿ ನುರಿತದ್ದು. ಎರಡಕ್ಕೂ ಫೋಟೊಗಳ ಸಮೇತ ಬರೆಯಿರಿ. ಕೊಡುವ ಮುನ್ನ ಒಂದು ಮಾತು ಸ್ಪಷ್ಟವಾಗಲಿ: ನೀವು ದಾನ ಮಾಡುತ್ತಿದ್ದೀರೋ, ಒಡೆತನ ಉಳಿಸಿಕೊಂಡು ಠೇವಣಿ ಇಡುತ್ತಿದ್ದೀರೋ? ಎರಡೂ ರೂಢಿಯಲ್ಲಿವೆ. ಪ್ರತಿ ಮಾಡಿದ ಮೇಲೆ ಕುಟುಂಬಕ್ಕೊಂದು ಡಿಜಿಟಲ್ ಪ್ರತಿ, ಪ್ರದರ್ಶಿಸಿದಾಗ ನಿಮ್ಮ ದೊಡ್ಡ ತಾತನ ಹೆಸರಿನ ಉಲ್ಲೇಖ, ಹಾಗೂ ಯಾವುದೇ ಸುರುಳಿಯನ್ನು ನಾಶಪಡಿಸಬೇಕಾಗಿ ಬಂದರೆ ಮೊದಲು ನಿಮಗೆ ತಿಳಿಸುವುದು, ಇವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಬಾಯಿಮಾತಿಗೆ ಒಪ್ಪಬೇಡಿ. ಅಧಿಕಾರಿಗಳು ಬದಲಾಗುತ್ತಾರೆ, ಕಾಗದ ಉಳಿಯುತ್ತದೆ. ಈ ದಾರಿಯ ತೊಂದರೆ ನಿಧಾನ. ಮರುಪತ್ರಕ್ಕೂ, ಆಮೇಲೆ ಸ್ಕ್ಯಾನಿಂಗ್‌ಗೂ ತಾಳ್ಮೆ ಬೇಕು. ಆದರೆ ಅಲ್ಲಿಗೆ ತಲುಪಿದ ದಿನದಿಂದ ಫಿಲ್ಮು ತಂಪಿನಲ್ಲಿರುತ್ತದೆ ಎಂಬುದೇ ಅರ್ಧ ಗೆಲುವು.

ಖಾಸಗಿ ಸ್ಟುಡಿಯೊದಲ್ಲಿ ಹಣ ಕೊಟ್ಟು ಸ್ಕ್ಯಾನ್ ಮಾಡಿಸುವುದು ಬೇಗ ಆಗುವ ಕೆಲಸ, ಆದರೆ ನೈಟ್ರೇಟನ್ನು ಒಳಗೆ ಬಿಟ್ಟುಕೊಳ್ಳುವವರು ವಿರಳ. ಯಾರಾದರೂ ಒಪ್ಪಿದರೆ ಒಂದೇ ಪ್ರಶ್ನೆ ಕೇಳಿ: ನಿಮ್ಮ ಯಂತ್ರ ಫಿಲ್ಮನ್ನು ಹಲ್ಲುಗಳಿಂದ ಎಳೆಯುತ್ತದೆಯೋ, ಹಲ್ಲಿಲ್ಲದ ಉರುಳೆಗಳ ಮೇಲೆ ಸಾಗಿಸುತ್ತದೆಯೋ? ಹಲ್ಲು ಎಂದರೆ ಅಲ್ಲಿಂದ ಎದ್ದು ಬನ್ನಿ. ಮನೆಯಲ್ಲೇ ಇಟ್ಟುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ, ಅದರಲ್ಲೂ ಮನೆ ಕೆಡವುವ ಗಡಿಬಿಡಿಯಲ್ಲಿ ಬಾಡಿಗೆ ಮನೆಗೆ ಹೊತ್ತೊಯ್ಯುವುದನ್ನು. ಕೊರಿಯರ್‌ಗೋ ರೈಲಿನ ಪಾರ್ಸೆಲ್‌ಗೋ ಏನೆಂದು ಹೇಳದೆ ಹಾಕಬೇಡಿ. ಅದು ಕಾನೂನಿನ ಕಣ್ಣಿನಲ್ಲೂ ಅಪಾಯಕಾರಿ ಸರಕು. ಸಾಗಣೆಯ ಏರ್ಪಾಡನ್ನು ಸಂಗ್ರಹಾಲಯದವರೇ ಹೇಳಿಕೊಡುತ್ತಾರೆ. ಯಾವುದಾದರೂ ಸುರುಳಿ ಪೂರ್ತಿ ಪುಡಿಯಾಗಿದ್ದರೆ ಅಗ್ನಿಶಾಮಕ ಠಾಣೆಗೆ ತಿಳಿಸಿ ಅವರ ಸೂಚನೆಯಂತೆಯೇ ವಿಲೇವಾರಿ ಮಾಡಬೇಕು.

ಲಕ್ಷಗಟ್ಟಲೆ ಬೆಲೆಯ ಮಾತು ನನ್ನ ಅನುಭವಕ್ಕೆ ಬಂದಿಲ್ಲ. ಆ ಕಾಲದ ಪೋಸ್ಟರು, ಕಥಾಸಾರದ ಪುಸ್ತಿಕೆಗಳನ್ನು ಕೊಳ್ಳುವ ಸಂಗ್ರಾಹಕರಿದ್ದಾರೆ. ಕೊಳೆಯುತ್ತಿರುವ ನೈಟ್ರೇಟನ್ನು ಕೊಂಡವರು ಅದನ್ನು ಚೌಕಟ್ಟು ಚೌಕಟ್ಟಾಗಿ ಕತ್ತರಿಸಿ ಗಾಜಿನ ನಡುವೆ ಕೂರಿಸಿ ಮಾರುವುದನ್ನು ನೋಡಿದ್ದೇನೆ. ಹಕ್ಕುಸ್ವಾಮ್ಯದ ಬಗ್ಗೆ ಚಿಂತೆ ಬೇಡ. ನಮ್ಮ ಕಾಯ್ದೆಯಲ್ಲಿ ಚಲನಚಿತ್ರದ ಹಕ್ಕಿನ ಅವಧಿ ಪ್ರಕಟಣೆಯ ಮುಂದಿನ ವರ್ಷದಿಂದ 60 ವರ್ಷ, ಮೂಕಿಗಳು ಅದನ್ನು ಎಂದೋ ದಾಟಿವೆ.

ಕಡೆಯದಾಗಿ, ನಾನೇ ಮಾಡಿದ ಒಂದು ತಪ್ಪನ್ನು ನೀವು ಮಾಡದಿರಲಿ. ವೃತ್ತಿಯ ಆರಂಭದ ದಿನಗಳಲ್ಲಿ ಮಲ್ಲೇಶ್ವರದ ಮನೆಯೊಂದರಿಂದ ನಾಲ್ಕು ಸುರುಳಿಗಳನ್ನು ತಂದು ಹೊಸ ಡಬ್ಬಿಗಳಿಗೆ ಬದಲಾಯಿಸಿ, ತುಕ್ಕು ಹಿಡಿದ ಹಳೆಯವನ್ನು ಗುಜರಿಗೆ ಹಾಕಿಬಿಟ್ಟೆ. ಫಿಲ್ಮು ಉಳಿಯಿತು. ಆದರೆ ಮುಚ್ಚಳದ ಒಳಬದಿಗೆ ಅಂಟಿದ್ದ, ನಾನು ಕೊಳಕು ಕಾಗದವೆಂದುಕೊಂಡ ಚೀಟಿಯಲ್ಲಿ ಹಂಚಿಕೆದಾರರ ಹೆಸರು, ಸುರುಳಿಯ ಸಂಖ್ಯೆ ಇದ್ದವೆಂದು ಆ ಮನೆಯ ಹಿರಿಯರು ಆಮೇಲೆ ಹೇಳಿದರು. ಆ ನಾಲ್ಕು ಸುರುಳಿಗಳಿಗೆ ಇಂದಿಗೂ ಹೆಸರಿಲ್ಲ. ನಿಮ್ಮ ಏಳು ಡಬ್ಬಿಗಳ ಮುಚ್ಚಳ, ಚೀಟಿ, ಟ್ರಂಕಿನ ತಳದಲ್ಲಿರಬಹುದಾದ ರಸೀದಿ, ರೈಲ್ವೆ ಪಾವತಿ, ಹರಿದ ಕರಪತ್ರ, ಏನನ್ನೂ ಒರೆಸದೆ, ಬಿಸಾಡದೆ ಒಟ್ಟಿಗೆ ಇಡಿ. ಯಾವ ಡಬ್ಬಿ ಮೇಲಿತ್ತು, ಯಾವುದು ಕೆಳಗಿತ್ತು ಎಂಬುದನ್ನೂ ಪೆನ್ಸಿಲಿನಲ್ಲಿ ಬರೆದು ಆಯಾ ಡಬ್ಬಿಯ ಜೊತೆಗಿಡಿ. ನಿಮ್ಮ ಸೋದರತ್ತೆಯ ಪಕ್ಕ ಕುಳಿತು ಅವರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಹರಿಮಾಯ ಹೌದೇ ಎಂದು ಕೇಳಬೇಡಿ. ಡೇರೆ ಯಾವ ಯಾವ ಊರಿಗೆ ಹೋಗುತ್ತಿತ್ತು, ಡಬ್ಬಿಗಳು ಯಾರ ಹತ್ತಿರದಿಂದ ಬರುತ್ತಿದ್ದವು, ಕಡೆಯ ಆಟ ಯಾವ ಊರಿನಲ್ಲಿ ನಡೆಯಿತು ಎಂದು ಅವರ ಅಪ್ಪ ಹೇಳುತ್ತಿದ್ದುದನ್ನು ಕೇಳಿ. ಪುಣೆಗೆ ಬರೆಯುವ ಪತ್ರದ ಜೊತೆ ಅದನ್ನೂ ಕಳಿಸಿ.